ಶ್ರಾವಣಕ್ಕೆ ಮುಚ್ಚಿಟ್ಟ ಸ್ಮೋಕರ್ ಒಳಗೆಲ್ಲ ಬೂಷ್ಟು, ಮುಚ್ಚಳದಿಂದ ಕಪ್ಪು ಚಕ್ಕೆ ಉದುರುತ್ತಿದೆ. ತೊಳೆಯಬಹುದಾ?

ಹಿತ್ತಲ_ಹೊಗೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಿಟ್ಟುವಳ್ಳಿ ಕಡೆ ನಮ್ಮ ಮನೆ. ಒಳಗೆ ಬಾಡು ಬೇಯಿಸಿದರೆ ಅಮ್ಮನಿಗೆ ಆಗುವುದಿಲ್ಲ, ಅದಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಡ್ರಮ್ ಸ್ಮೋಕರ್, ಅಂದರೆ ಹೊಗೆಯಲ್ಲಿ ಬಾಡು ಬೇಯಿಸುವ ಒಲೆ, ಮಾಡಿಸಿ ಹಿತ್ತಲಲ್ಲಿ ಇಟ್ಟುಕೊಂಡಿದ್ದೇನೆ. 200 ಲೀಟರಿನ ಹಳೇ ಡ್ರಮ್ ಗುಜರಿಯಲ್ಲಿ ಸಿಕ್ಕಿತು. ಕೆಳಗೆ ಗಾಳಿಗೆ ಮೂರು ತೂತು, ಒಳಗೆ ಕೆಂಡದ ಬುಟ್ಟಿ, ಅದರಿಂದ ಎರಡಡಿ ಮೇಲೆ ಜಾಲರಿ, ಮುಚ್ಚಳಕ್ಕೆ ಒಂದು ಸಣ್ಣ ಚಿಮಣಿ, ಶಾಖ ನೋಡುವ ಒಂದು ಮೀಟರ್. ಇಷ್ಟೇ. ಯುಗಾದಿ ಕಳೆದ ಮೇಲೆ ಶುರು ಮಾಡಿದ್ದು, ತಿಂಗಳಿಗೆ ಮೂರು ಸಲವಾದರೂ ಹಚ್ಚಿದ್ದೇನೆ.

ಕೊನೇ ಸಲ ಹಚ್ಚಿದ್ದು ಭೀಮನ ಅಮಾವಾಸ್ಯೆಗೆ ಮುಂಚಿನ ಭಾನುವಾರ. ಆಮೇಲೆ ಶ್ರಾವಣ, ಅದರ ಬೆನ್ನಿಗೇ ಗಣಪತಿ, ಮನೆಯಲ್ಲಿ ಬಾಡಿನ ಮಾತೇ ಇಲ್ಲ. ನಾನು ಸೋಮಾರಿತನ ಮಾಡಿ ಬೂದಿ ಕೂಡ ತೆಗೆಯದೆ ಟಾರ್ಪಾಲ್ ಹೊದಿಸಿ ಹಗ್ಗ ಕಟ್ಟಿಬಿಟ್ಟೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕಲ್ಲ, ಅಂತ ನಿನ್ನೆ ಬಿಚ್ಚಿದರೆ ಒಳಗಿಂದ ಒಂಥರಾ ಹಳೇ ಕಂಬಳಿ ವಾಸನೆ. ಜಾಲರಿ ಮೇಲೆ ಬಿಳಿ ಹಸಿರು ಬೂಷ್ಟು, ಹತ್ತಿ ಹರಡಿದ ಹಾಗೆ. ಮುಚ್ಚಳದ ಒಳಗಡೆ ಕಪ್ಪು ಚಕ್ಕೆ ಎದ್ದು ನೇತಾಡುತ್ತಿವೆ, ಪೇಂಟ್ ಕಿತ್ತ ಹಾಗೆ, ಬೆರಳು ತಾಗಿಸಿದರೆ ಉದುರುತ್ತವೆ. ತಳದಲ್ಲಿ ಬೂದಿ ಮತ್ತು ಜಿಡ್ಡು ಕಲಸಿ ಸಿಮೆಂಟಿನ ಥರ ಆಗಿದೆ.

ಇನ್ನೊಂದು. ಕೊನೆಯ ಎರಡು ಸಲ ಮಟನ್ ಕಹಿ ಬಂದಿತ್ತು, ನಾಲಿಗೆ ಜುಮ್ ಅನ್ನುತ್ತಿತ್ತು. ನಮ್ಮ ಮಾವ ಒಂದು ತುಂಡು ಬಾಯಿಗೆ ಇಟ್ಟುಕೊಂಡು, ಏನೂ ಹೇಳದೆ ಮಜ್ಜಿಗೆ ಕೇಳಿದರು.

ಈಗ ಕೇಳುವುದು ಇಷ್ಟು. ಸೋಪು ಹಾಕಿ ತೊಳೆಯಲಾ? ಪಕ್ಕದ ಮನೆಯವರು ಕಾಸ್ಟಿಕ್ ಸೋಡಾ ಹಾಕು, ಎಲ್ಲಾ ಕಿತ್ತು ಬರುತ್ತದೆ ಅಂತಾರೆ. ನನ್ನ ಹೆಂಡತಿ ಗುಜರಿಗೆ ವಾಪಸ್ ಹಾಕಿ ಅಂತಾಳೆ. ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇದೆ.

ಗುಂಡಿ_ಸರ್ಕಲ್, ದಾವಣಗೆರೆ

ಗುರು, ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ತೀಯ. ಆಟೋದಲ್ಲಿ ಹಾಕಿಕೊಂಡು ಬೈಕ್ ವಾಟರ್ ಸರ್ವಿಸ್ ಅಂಗಡಿಗೆ ಹೋಗು. ಡೀಸೆಲ್ ಹೊಡೆದು, ಫೋಮ್ ಹಾಕಿ, ಪ್ರೆಷರ್‌ನಲ್ಲಿ ಒಂದು ಸಲ ಬಿಟ್ಟರೆ ಹೊಸದರ ಥರ ಆಗುತ್ತದೆ.

ಕೋಟೆ_ಕೆಳಗಿನವ, ಚಿತ್ರದುರ್ಗ

ಡೀಸೆಲ್ ಮಾತ್ರ ಬೇಡ ಸ್ವಾಮಿ, ಆಮೇಲೆ ಆರು ತಿಂಗಳು ಕೋಳಿಯೆಲ್ಲ ಕೆಎಸ್‌ಆರ್‌ಟಿಸಿ ಬಸ್ ಡಿಪೋ ವಾಸನೆ ಹೊಡೆಯುತ್ತದೆ. ಕಾಸ್ಟಿಕ್ಕೂ ಬೇಡ. ಅದು ಕೊಳೆಯ ಜೊತೆ ಒಳಗಿನ ಒಳ್ಳೆ ಪದರವನ್ನೂ ತಿಂದು ಹಾಕುತ್ತದೆ, ಕೈಗೆ ಬಿದ್ದರೆ ಚರ್ಮ ಹೋಗುತ್ತದೆ, ಸಂದಿಯಲ್ಲಿ ಸ್ವಲ್ಪ ಉಳಿದರೂ ಊಟಕ್ಕೇ ಬರುವುದು.

ಅಣ್ಣ, ನಿಮ್ಮ ಮನೆಯ ಕಬ್ಬಿಣದ ದೋಸೆ ಹಂಚು ನೆನಪು ಮಾಡಿಕೊಳ್ಳಿ. ಅದನ್ನ ಯಾರಾದರೂ ದಿನಾ ಸೋಪು ಹಾಕಿ ಬಿಳಿ ಆಗುವ ತನಕ ತಿಕ್ಕುತ್ತಾರಾ? ಪಳಗಿದ ಹಂಚು ಅಂತ ಜೋಪಾನ ಮಾಡುತ್ತೇವೆ. ಡ್ರಮ್ಮೂ ಅದೇ ಜಾತಿ. ಒಳಗೆ ತೆಳ್ಳಗೆ, ಗಟ್ಟಿಯಾಗಿ, ಸ್ವಲ್ಪ ಹೊಳಪಿರುವ ಕಪ್ಪು ಇದ್ದರೆ ಅದು ತುಕ್ಕು ಬರದ ಹಾಗೆ ಕಾಯುತ್ತದೆ, ಅದನ್ನು ಮುಟ್ಟಬೇಡಿ. ಚಕ್ಕೆ ಎದ್ದು ನೇತಾಡುತ್ತಿರುವುದು ಬೇರೆ. ಒಳಗೆ ಪೇಂಟ್ ಮಾಡಿಸಿಲ್ಲ ಅಂದರೆ ಅದು ಪೇಂಟಲ್ಲ. ಹೊಗೆಯ ಮಸಿ ಮತ್ತು ಕೊಬ್ಬಿನ ಆವಿ ಪದರ ಪದರವಾಗಿ ಕೂತು, ಸುಟ್ಟು, ದಪ್ಪ ಆಗಿ ಕಿತ್ತುಕೊಂಡಿದೆ ಅಷ್ಟೆ. ಅದನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಬಾಡಿನ ಮೇಲೆ ಉದುರುತ್ತದೆ.

ಮೊದಲು ತಳ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನನ್ನದಕ್ಕೂ ಹೀಗೇ ಬೂಷ್ಟು ಬಂದಿತ್ತು, ಬೆಂಕಿ ಜೋರಾಗಿ ಹಾಕಿ ಸುಟ್ಟುಬಿಡೋಣ ಅಂತ ತಳದ ಜಿಡ್ಡು ತೆಗೆಯದೆ ಇದ್ದಿಲು ತುಂಬಿದೆ. ಹತ್ತು ನಿಮಿಷಕ್ಕೆ ಜಿಡ್ಡಿಗೇ ಬೆಂಕಿ ಹತ್ತಿಕೊಂಡಿತು. ನಮ್ಮ ದುರ್ಗದ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಬೆಟ್ಟದ ಮೇಲೆ ಸುಮ್ನೆ ಗಾಳಿ ಕರೆಂಟಿನ ಫ್ಯಾನ್ ನೆಟ್ಟಿಲ್ಲ. ನಾನು ಗಾಬರಿಯಲ್ಲಿ ಮುಚ್ಚಳ ತೆಗೆದೆ. ಭುಸ್ ಅಂತ ಎದ್ದಿದ್ದಕ್ಕೆ ಒಂದು ಹುಬ್ಬು ಪೂರ್ತಿ ಹೋಯಿತು. ಮೂರು ವಾರ ಸಿಕ್ಕಿದವರೆಲ್ಲ ಒಂದೇ ಪ್ರಶ್ನೆ. ಹಾಗೆ ಹತ್ತಿಕೊಂಡರೆ ಮುಚ್ಚಳ ತೆಗೆಯಬೇಡಿ, ನೀರಂತೂ ಹಾಕಲೇಬೇಡಿ, ಎಣ್ಣೆ ಸಿಡಿದು ಮೈಮೇಲೆ ಬರುತ್ತದೆ. ಕೆಳಗಿನ ತೂತು, ಚಿಮಣಿ ಎರಡೂ ಮುಚ್ಚಿ ದೂರ ನಿಂತುಕೊಳ್ಳಿ. ಗಾಳಿ ಇಲ್ಲದೆ ತಾನೇ ಸಾಯುತ್ತದೆ.

ಹಾಗಾಗಿ ಮೂಗಿಗೆ ಟವೆಲ್ ಕಟ್ಟಿಕೊಂಡು ತಳದ ಸಿಮೆಂಟನ್ನೆಲ್ಲ ಕರಣೆಯಲ್ಲಿ ಎಬ್ಬಿಸಿ ತೆಗೆಯಿರಿ. ಬೂಷ್ಟನ್ನು ಒಣಗಿದ ಹಾಗೇ ಬ್ರಷ್ ಮಾಡಬೇಡಿ, ಪುಡಿ ಗಾಳಿಗೆ ಹಾರಿ ಎದೆಗೆ ಹೋಗುತ್ತದೆ, ಮೊದಲು ಸುಡಿ. ಬುಟ್ಟಿ ತುಂಬ ಇದ್ದಿಲು, ಎಲ್ಲಾ ತೂತೂ ತೆರೆದು, ಒಳಗೆ 200 ಡಿಗ್ರಿ ದಾಟಿಸಿ ಒಂದು ಗಂಟೆ ಹಾಗೇ ಬಿಡಿ. ಬೂಷ್ಟೂ ಸತ್ತಿರುತ್ತದೆ, ಚಕ್ಕೆಯೂ ಒಣಗಿ ಸಡಿಲ ಆಗಿರುತ್ತದೆ. ಕೈ ಇಡುವಷ್ಟು ಆರಿದ ಮೇಲೆ, ಆದರೆ ಇನ್ನೂ ಬೆಚ್ಚಗೆ ಇರುವಾಗಲೇ, ಪೇಂಟರ್‌ಗಳ ಪುಟ್ಟಿ ಪಟ್ಟಿಯಲ್ಲಿ ಮೆತ್ತಗೆ ಕೆರೆಯಿರಿ. ತಾನಾಗಿ ಬರುವುದು ಬರಲಿ. ಬರದಿದ್ದರೆ ಬಿಡಿ, ಅದು ಇರಬೇಕಾದದ್ದು. ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿ, ಒಣಗಿಸಿ.

ಆಮೇಲೆ ಪಳಗಿಸುವುದು. ಚಳ್ಳಕೆರೆ ಕಡೆ ಕಡಲೇಕಾಯಿ ಎಣ್ಣೆ ಇದ್ದರೆ ಅದೇ ಸಾಕು. ಬಟ್ಟೆಗೆ ಹಾಕಿ ಒಳಗೆಲ್ಲ ಸವರಿ, ಆಮೇಲೆ ಇನ್ನೊಂದು ಒಣ ಬಟ್ಟೆಯಲ್ಲಿ ಹಚ್ಚಿದ್ದೇ ತಪ್ಪಾಯಿತು ಅನ್ನುವ ಹಾಗೆ ಒರೆಸಿಬಿಡಿ. ದಪ್ಪ ಹಚ್ಚಿದರೆ ಅಂಟಂಟು ಆಗಿ ಕೂರುತ್ತದೆ. 120ರಿಂದ 150 ಡಿಗ್ರಿಯಲ್ಲಿ ಎರಡು ಗಂಟೆ ಬೆಂಕಿ. ಅಗಸೆ ಎಣ್ಣೆ ಒಳ್ಳೇದು ಅಂತ ಕೆಲವರು ಹೇಳುತ್ತಾರೆ, ತಿನ್ನುವ ಅಗಸೆ ಎಣ್ಣೆ ಆದರೆ ಸರಿ, ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ತರಬೇಡಿ, ಅದರಲ್ಲಿ ಬೇಗ ಒಣಗಲು ಲೋಹದ ಕೆಮಿಕಲ್ ಸೇರಿಸಿರುತ್ತಾರೆ.

ಒಂದು ಪ್ರಶ್ನೆ. ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು?

ಹಿತ್ತಲ_ಹೊಗೆ, ದಾವಣಗೆರೆ

ಗುಜರಿಯವರನ್ನ ಕೇಳಿದ್ದೆ ಅಣ್ಣ. "ಎಣ್ಣೆ" ಅಂದರು.

ಕೋಟೆ_ಕೆಳಗಿನವ, ಚಿತ್ರದುರ್ಗ

ದಾವಣಗೆರೆಯಲ್ಲಿ ಎಣ್ಣೆ ಅಂದರೆ ಮೂರು ಅರ್ಥ ಇದೆಯಲ್ಲಪ್ಪ. ಅಡುಗೆ ಎಣ್ಣೆ ಆದರೆ ನಿಶ್ಚಿಂತೆ. ಇಂಜಿನ್ ಆಯಿಲ್ ಆಗಿದ್ದರೆ ಮೊದಲೇ ಪೂರ್ತಿ ಕೆಂಪಗೆ ಕಾಯುವ ಹಾಗೆ ಸುಟ್ಟಿರಬೇಕಿತ್ತು. ಔಷಧಿ, ಕೆಮಿಕಲ್ ಏನಾದರೂ ಆಗಿದ್ದರೆ ನಿಮ್ಮ ಮನೆಯವರ ಮಾತೇ ಸರಿ. ಇನ್ನೊಂದು, ಕೆಲವು ಡ್ರಮ್ಮಿಗೆ ಒಳಗೆ ಕಂದು ಬಣ್ಣದ ಲೇಪ ಇರುತ್ತದೆ, ಅದು ಒಂದು ಚೂರೂ ಉಳಿಯದ ಹಾಗೆ ಸುಟ್ಟು ಉಜ್ಜಿ ತೆಗೆದ ಮೇಲೆಯೇ ಅಡುಗೆ. ಹೊರಗಿನ ಬಣ್ಣದ ಕೆಳಗೆ ಏನಾದರೂ ಬರೆದಿದೆಯಾ ನೋಡಿ.

ಹಿತ್ತಲ_ಹೊಗೆ, ದಾವಣಗೆರೆ

ಉಜ್ಜಿ ನೋಡಿದೆ. ಪಾಮ್ ಎಣ್ಣೆ ಅಂತ ಅಚ್ಚು ಹೊಡೆದಿದ್ದಾರೆ, ಬದುಕಿದೆ! ಒಳಗೆ ಲೇಪ ಇರಲಿಲ್ಲ, ಬರೀ ತಗಡು. ಪೇಂಟೂ ಮಾಡಿಸಿಲ್ಲ.

ಭಟ್ಟಿ_ಮೊಮ್ಮಗಳು, ದಾವಣಗೆರೆ

ತೊಳೆಯುವುದು ಎಲ್ಲ ಸರಿ ಅಣ್ಣ, ಆದರೆ ಎರಡು ತಿಂಗಳಿಗೆ ಮತ್ತೆ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತೀರ. ಕಹಿ ಬಂತು, ನಾಲಿಗೆ ಜುಮ್ ಅಂತು ಅಂದ್ರಲ್ಲ, ಅದನ್ನ ಯಾರೂ ಹಿಡಿದುಕೊಂಡೇ ಇಲ್ಲ. ಮುಚ್ಚಳದ ಮೇಲೆ ಕೂತ ಅಂಟು ಮತ್ತು ಬಾಡಿನ ಮೇಲೆ ಕೂತ ಕಹಿ ಎರಡೂ ಒಂದೇ. ಕೊಳೆ ಅಲ್ಲ ಅದು, ಕೆಟ್ಟ ಹೊಗೆ.

ನಮ್ಮ ತಾತ ಇಲ್ಲಿನ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವರು. ಮರಳು ಕಾಯಬೇಕು, ಅಕ್ಕಿ ಸಿಡಿಯಬೇಕು, ಬೆಂಕಿ ಒಂದೇ ಸಮ ಇರಬೇಕು. ಅವರು ಒಲೆ ನೋಡುತ್ತಲೇ ಇರಲಿಲ್ಲ, ಹೊಗೆ ನೋಡುತ್ತಿದ್ದರು. ದಪ್ಪ ಬಿಳಿ ಹೊಗೆ ಬಂದರೆ ಒಲೆಗೆ ಉಸಿರು ಕಟ್ಟಿದೆ ಅನ್ನುವರು. ಬೆಂಕಿಗೆ ಗಾಳಿ ಸಾಲದೆ, ಅಥವಾ ಸೌದೆ ಹಸಿ ಇದ್ದು ಅರೆಬರೆ ಸುಟ್ಟಾಗ ಬರುವ ಹೊಗೆ ಅದು. ಅದರಲ್ಲಿ ಡಾಂಬರಿನಂಥ ಅಂಟು ಇರುತ್ತದೆ, ತಣ್ಣಗಿರುವ ಜಾಗ ಎಲ್ಲಿ ಸಿಕ್ಕಿದರೂ ಹೋಗಿ ಕೂರುತ್ತದೆ. ನಿಮ್ಮ ಮುಚ್ಚಳ ತಣ್ಣಗಿದೆ, ಫ್ರಿಜ್ಜಿನಿಂದ ತೆಗೆದ ಮಟನ್ ಇನ್ನೂ ತಣ್ಣಗಿದೆ. ಬರಬೇಕಾದ ಹೊಗೆ ಹೇಗಿರಬೇಕು ಅಂದರೆ, ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ, ಸ್ವಲ್ಪ ನೀಲಿ. ಚಿಮಣಿ ಹತ್ತಿರ ಮುಖ ಒಯ್ದರೆ ಕಣ್ಣು ಉರಿಯಬಾರದು.

ನಿಜ ಹೇಳಿ, ಯಾವ ಸೌದೆ ಹಾಕಿದ್ರಿ? ಚಿಮಣಿ ಎಷ್ಟು ತೆರೆದಿದ್ರಿ?

ಹಿತ್ತಲ_ಹೊಗೆ, ದಾವಣಗೆರೆ

ಅಕ್ಕ, ಸಿಕ್ಕಿಬಿದ್ದೆ. ಜಗಳೂರು ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಬೇಕಾದಷ್ಟಿದೆ, ಅದನ್ನೇ ಕಡಿಸಿ ತಂದಿದ್ದೆ. ಕಡಿದು ಒಂದು ವಾರ ಆಗಿತ್ತು ಅಷ್ಟೆ. ಮೇಲಿಂದ ಯಾವುದೋ ವಿಡಿಯೋ ನೋಡಿ ತುಂಡುಗಳನ್ನ ರಾತ್ರಿ ಪೂರ್ತಿ ನೀರಲ್ಲಿ ನೆನೆಸಿದ್ದೆ. ಹೊಗೆ ಹೊರಗೆ ಹೋಗಿ ವೇಸ್ಟ್ ಆಗಬಾರದು ಅಂತ ಚಿಮಣಿ ಮುಕ್ಕಾಲು ಮುಚ್ಚಿದ್ದೆ.

ಭಟ್ಟಿ_ಮೊಮ್ಮಗಳು, ದಾವಣಗೆರೆ

ಮೂರೂ ಉಲ್ಟಾ ಮಾಡಿದ್ದೀರ, ಒಂದಾದರೂ ಸರಿ ಇದ್ದಿದ್ದರೆ ಮಾವ ತಿನ್ನುತ್ತಿದ್ದರೇನೋ.

ಜಾಲಿ ತಪ್ಪಲ್ಲ. ಅಮೆರಿಕದವರು ಮೆಸ್ಕೀಟ್ ಅಂತ ದುಡ್ಡು ಕೊಟ್ಟು ಕೊಳ್ಳುವ ಸೌದೆಗೆ ನಮ್ಮ ಬಳ್ಳಾರಿ ಜಾಲಿ ದಾಯಾದಿ, ಆ ಕಡೆಯಿಂದಲೇ ಬಂದ ಗಿಡ ಇದು. ಆದರೆ ಖಾರದ ಹೊಗೆ. ಸೀಳಿ ಕನಿಷ್ಠ ಆರು ತಿಂಗಳು ಒಣಗಿಸಬೇಕು, ಆಮೇಲೂ ಇದ್ದಿಲಿನ ಮೇಲೆ ಎರಡು ಮೂರು ತುಂಡು ಸಾಕು. ನೆನೆಸುವುದು ಬಿಟ್ಟುಬಿಡಿ, ನೀರು ಆವಿ ಆಗುವ ತನಕ ಸೌದೆ ಉರಿಯುವುದಿಲ್ಲ, ಸುಮ್ನೆ ಹೊಗೆಯಾಡುತ್ತದೆ. ಚಿಮಣಿ ಯಾವಾಗಲೂ ಪೂರ್ತಿ ತೆರೆದಿರಲಿ, ಶಾಖ ಹೆಚ್ಚು ಕಡಿಮೆ ಮಾಡುವುದು ಕೆಳಗಿನ ತೂತಿನಿಂದ. ಮಾವು, ಸೀಬೆ, ಹುಣಸೆ ಒಣಗಿದ್ದು ಸಿಕ್ಕಿದರೆ ಇನ್ನೂ ಒಳ್ಳೇದು, ಮೆತ್ತಗಿನ ಹೊಗೆ. ನೀಲಗಿರಿ, ಬೇವು ಬೇಡ. ಕಣಗಿಲೆ ಕಡ್ಡಿಯನ್ನ ಮರೆತೂ ಹಾಕಬೇಡಿ, ಅದು ವಿಷ. ಹಳೇ ಬಾಗಿಲು, ಪ್ಲೈವುಡ್, ಪ್ಯಾಕಿಂಗ್ ಹಲಗೆ ಒಂದೂ ಬೇಡ.

ಜಾಲರಿಗೆ ತಂತಿ ಬ್ರಷ್ ಹಾಕಬೇಡಿ ಅಂತ ಒಂದು ಬೇಡಿಕೆ. ನಮ್ಮ ಮನೆಯಲ್ಲಿ ಬ್ರಷ್ಷಿನ ಒಂದು ಎಳೆ ಜಾಲರಿಗೆ ಅಂಟಿ, ಅಲ್ಲಿಂದ ಕೋಳಿ ತೊಡೆಗೆ ಬಂದು, ನನ್ನ ತಮ್ಮನ ಒಸಡಿಗೆ ನೆಟ್ಟಿತು. ಟಾರ್ಚ್ ಹಿಡಿದು ಚಿಮಟದಲ್ಲಿ ಕಿತ್ತೆವು. ಕೂದಲಿನಷ್ಟು ಸಣ್ಣ, ಕಾಲು ಇಂಚು ಉದ್ದ. ನುಂಗಿದ್ದರೆ ಆಪರೇಷನ್ನೇ ಆಗುತ್ತಿತ್ತು. ಈಗ ಜಾಲರಿ ಬಿಸಿ ಇರುವಾಗಲೇ ಅರ್ಧ ಈರುಳ್ಳಿಯನ್ನ ಉದ್ದ ಫೋರ್ಕಿಗೆ ಚುಚ್ಚಿಕೊಂಡು ಉಜ್ಜುತ್ತೇನೆ, ಆರಿದ ಮೇಲೆ ತೆಂಗಿನ ನಾರು. ಸ್ಟೀಲ್ ಜಾಲರಿ ಆದರೆ ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿ ನೆನೆಸಿದರೆ ಬೆಳಿಗ್ಗೆ ಜಿಡ್ಡು ಮೆತ್ತಗಾಗಿರುತ್ತದೆ. ಅಲ್ಯೂಮಿನಿಯಂ ತಟ್ಟೆಯನ್ನ ಅದೇ ನೀರಿಗೆ ಹಾಕಬೇಡಿ, ಕಪ್ಪಾಗುತ್ತದೆ.

ಲೇತ್_ಸದ್ದು, ಹರಿಹರ

ಸ್ಟೀಲ್ ಜಾಲರಿ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು ಅಂದ್ರಿ. ಕೆಂಡದ ಬುಟ್ಟಿಗೆ ಏನು ಹಾಕಿದ್ದಾರೆ ನೋಡಿದ್ದೀರಾ? ಸಾಮಾನ್ಯ ಕೈಗೆ ಸಿಕ್ಕಿದ ಜಿಐ ಮೆಶ್ ಸುತ್ತಿ ಕೊಟ್ಟುಬಿಡುತ್ತಾರೆ. ಬೆಳ್ಳಿ ಥರ ಹೊಳೆಯುತ್ತಾ, ಹೂವು ಹೂವಿನ ಗುರುತು ಇದ್ದರೆ ಅದು ಸತುವಿನ ಲೇಪ. ಸತು 420 ಡಿಗ್ರಿ ಹತ್ತಿರ ಕರಗುತ್ತದೆ, ಕೆಂಡ ಅದಕ್ಕಿಂತ ಎಷ್ಟೋ ಬಿಸಿ. ಜಿಐ ಪೈಪ್ ವೆಲ್ಡ್ ಮಾಡಿದ ದಿನ ಸಂಜೆ ಚಳಿ ಜ್ವರ ಬರುವುದು ನಮ್ಮ ಕಡೆ ಎಲ್ಲ ವೆಲ್ಡರ್‌ಗಳಿಗೂ ಗೊತ್ತು, ಅದು ಸತುವಿನ ಹೊಗೆ. ಹಾಲು ಕುಡಿದರೆ ಸರಿ ಹೋಗುತ್ತದೆ ಅಂತ ನಂಬಿಕೆ ಬೇರೆ ಇದೆ, ಹೋಗುವುದಿಲ್ಲ. ಜಿಐ ಇದ್ದರೆ ಬಿಸಾಕಿ, ಎಂಎಸ್, ಅಂದರೆ ಲೇಪ ಇಲ್ಲದ ಸಾದಾ ಉಕ್ಕಿನ ಸರಳಿನಲ್ಲಿ ಬುಟ್ಟಿ ಮಾಡಿಸಿ.

ತಳ ತುಕ್ಕು ಹಿಡಿದಿದ್ದರೆ ಅದಕ್ಕೆ ಕಾರಣ ಮಳೆ ಅಲ್ಲ, ನಿಮ್ಮ ಬೂದಿ. ಬೂದಿ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಒದ್ದೆ ಆದರೆ ಕ್ಷಾರ. ನಮ್ಮ ಅಜ್ಜಿ ಅದರಲ್ಲೇ ಜಿಡ್ಡಿನ ಪಾತ್ರೆ ತಿಕ್ಕುತ್ತಿದ್ದದ್ದು, ಕ್ಷಾರ ಮತ್ತು ಕೊಬ್ಬು ಸೇರಿದರೆ ಸೋಪು ತಾನೇ. ಅಂದರೆ ಎರಡು ತಿಂಗಳು ನಿಮ್ಮ ಡ್ರಮ್ಮಿನ ತಳ ಹಸಿ ಮುದ್ದೆಯೊಳಗೆ ಕೂತಿತ್ತು. ತಗಡು ಇರುವುದೇ ಒಂದು ಮಿಲಿಮೀಟರ್ ಆಸುಪಾಸು. ಬೋರಲು ಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಠಣ್ ಅಂದರೆ ಪರವಾಗಿಲ್ಲ. ದಬ್ ಅಂದ ಜಾಗಕ್ಕೆ ಒಂದು ಮೊಳೆ ಒತ್ತಿ ನೋಡಿ, ಒಳಗೆ ಹೋದರೆ ಅಲ್ಲಿಗೆ 2 ಎಂಎಂ ಪ್ಲೇಟ್ ಹಾಕಿಸಬೇಕು.

ಬೂದಿ ತೆಗೆಯುವುದು ಮಾರನೇ ದಿನ, ಆದರೂ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಬೇಡಿ. ಬೂದಿಯೊಳಗೆ ಕೆಂಡ ಒಂದು ದಿನ ಕಳೆದರೂ ಜೀವ ಹಿಡಿದಿರುತ್ತದೆ. ನಾನು ಕಸದ ಬಕೆಟ್‌ಗೆ ಹಾಕಿ ಬಂದು ಟೀ ಕುಡಿಯುವಷ್ಟರಲ್ಲಿ ಬಕೆಟ್ ತಳ ಬಿಟ್ಟಿತ್ತು. ಮುಚ್ಚಳ ಇರುವ ಹಳೇ ಎಣ್ಣೆ ಡಬ್ಬ ಇಟ್ಟುಕೊಳ್ಳಿ. ಬರೀ ಸೌದೆ ಬೂದಿ ತೆಂಗಿನ ಬುಡಕ್ಕೆ ಹಾಕಬಹುದು, ಕೊಬ್ಬು ಸುರಿದ ಬೂದಿ ಹಾಕಿದರೆ ರಾತ್ರಿ ಬೀದಿ ನಾಯಿಗಳು ಬುಡ ಅಗೆಯುತ್ತವೆ.

ಇಡುವಾಗ ಇಟ್ಟಿಗೆ ಮೇಲೆ ಎತ್ತಿ ಇಡಿ, ತೂತುಗಳು ಸ್ವಲ್ಪ ತೆರೆದಿರಲಿ, ಟಾರ್ಪಾಲ್ ಬಿಗಿಯಾಗಿ ಕಟ್ಟಬೇಡಿ. ಹೊರಗಡೆ ಪೇಂಟ್ ಬೇಕಿದ್ದರೆ ಸೈಲೆನ್ಸರ್‌ಗೆ ಹೊಡೆಯುವ ಶಾಖ ತಡೆಯುವ ಪೇಂಟ್ ಸಾಕು. ಒಳಗೆ ಯಾವ ಪೇಂಟೂ ಬೇಡ.

ಮುಚ್ಚಳದ ಮೀಟರ್ ಕಡ್ಡಿಗೂ ಮಸಿ ಕೂತಿರುತ್ತದೆ, ಕಡಿಮೆ ತೋರಿಸುತ್ತದೆ, ನೀವು ಬೆಂಕಿ ಜಾಸ್ತಿ ಮಾಡುತ್ತೀರ. ಒರೆಸಿ ಕುದಿಯುವ ನೀರಿಗೆ ಇಟ್ಟು ನೋಡಿ. ನಮ್ಮ ಊರುಗಳು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿವೆ, ಹಾಗಾಗಿ 98 ಡಿಗ್ರಿ ತೋರಿಸಿದರೆ ಮೀಟರ್ ಸರಿ ಇದೆ ಅಂತ. 100 ಬರಲಿಲ್ಲ ಅಂತ ತಿರುಪು ತಿರುಗಿಸಬೇಡಿ.

ಗುಂಡಿ_ಸರ್ಕಲ್, ದಾವಣಗೆರೆ

ವಾಟರ್ ಸರ್ವಿಸ್ ಅಂದಿದ್ದಕ್ಕೆ ಕ್ಷಮಿಸಿ. ನಮ್ಮ ಮನೆಯಲ್ಲಿ ಒಂದು ಸ್ಮೋಕರ್ ಇಲ್ಲ, ಬೈಕ್ ಇದೆ ಅಷ್ಟೆ.

ಹಿತ್ತಲ_ಹೊಗೆ, ದಾವಣಗೆರೆ

ಅಮಾವಾಸ್ಯೆ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ.

ತಳದ ಮುದ್ದೆಯೇ ಮುಕ್ಕಾಲು ಬಕೆಟ್ ಬಂತು, ತಗಡಿನ ಬಕೆಟ್ಟು. ಸುಟ್ಟ ಮೇಲೆ ಮುಚ್ಚಳದಿಂದ ಚಕ್ಕೆ ಪುಟ್ಟಿ ಪಟ್ಟಿ ತಾಗಿಸಿದರೆ ಸಾಕು, ಹಪ್ಪಳದ ಹಾಗೆ ಏಳುತ್ತಿತ್ತು. ಕೆಳಗೆ ಇಂಗ್ಲೀಷ್ ಪೇಪರ್ ಹಾಸಿದ್ದೆ, ಅದು ತುಂಬಿ ಇನ್ನೊಂದು ಹಾಸಿದೆ. ಕೆಳಗೆ ಗಟ್ಟಿ ಕಪ್ಪು ಸಿಕ್ಕಿತು, ದುರ್ಗದ ಅಣ್ಣ ಹೇಳಿದ ಹಾಗೇ ಹೊಳಪು ಇತ್ತು, ಅಲ್ಲಿಗೆ ನಿಲ್ಲಿಸಿದೆ. ಕಡಲೇಕಾಯಿ ಎಣ್ಣೆ ಹಚ್ಚಿ ಒರೆಸುವಾಗ ಅಮ್ಮ ಬಂದು ನೋಡಿ, ಹಂಚಿಗೂ ಇಷ್ಟು ಸೇವೆ ಮಾಡಿಲ್ಲ ನೀನು ಅಂದರು. ಬುಟ್ಟಿ ಜಿಐ ಮೆಶ್ಶೇ ಆಗಿತ್ತು, ಲೇಪ ಅರ್ಧ ಆಗಲೇ ಸುಟ್ಟು ಹೋಗಿತ್ತು. ಯಾರ ಹೊಟ್ಟೆಗೋ, ಎಲ್ಲಿಗೋ. ಹೊಸದು ಸರಳಿನಲ್ಲಿ ಮಾಡಿಸಿದೆ. ಮೀಟರ್ ಕುದಿಯುವ ನೀರಲ್ಲಿ 86 ತೋರಿಸಿತು, ಅಂದರೆ ಇಷ್ಟು ದಿನ 12 ಡಿಗ್ರಿ ಜಾಸ್ತಿಯಲ್ಲೇ ಬೇಯಿಸಿದ್ದೇನೆ.

ಎಡೆಗೆ ಅಮ್ಮ ಮಾಮೂಲಿ ಸಾರು, ಮುದ್ದೆ ಮಾಡಿದರು, ಹಿರಿಯರ ಮುಂದೆ ನಿನ್ನ ಪ್ರಯೋಗ ಬೇಡ ಅಂತ. ಡ್ರಮ್ಮಿನ ಕೋಳಿ ಬಂದವರಿಗೆ ಮಾತ್ರ. ಒಣಗಿದ ಸೀಬೆ ಕೊಂಬೆ ಪಕ್ಕದ ಮನೆಯಲ್ಲಿ ಸಿಕ್ಕಿತು, ಎರಡು ತುಂಡು ಹಾಕಿದೆ, ಚಿಮಣಿ ಪೂರ್ತಿ ತೆರೆದೆ. ಮೊದಲ ಹತ್ತು ನಿಮಿಷ ಬಿಳಿ ಹೊಗೆ, ಕೋಳಿ ಇಡದೆ ಕಾದೆ, ಆಮೇಲೆ ಹೊಗೆ ಕಾಣಿಸಲೇ ಇಲ್ಲ. ಬೆಂಕಿ ಆರಿತಾ ಅಂತ ಎರಡು ಸಲ ಬಗ್ಗಿ ನೋಡಿದೆ. ತೊಡೆಯ ಒಳಗೆ 74 ಡಿಗ್ರಿ ದಾಟಿದ ಮೇಲೆ ತೆಗೆದೆ. ಚರ್ಮ ಕಪ್ಪಲ್ಲ, ಬೆಲ್ಲದ ಬಣ್ಣ. ಮಾವ ಈ ಸಲವೂ ಏನೂ ಹೇಳಲಿಲ್ಲ, ಆದರೆ ಎರಡನೇ ಕಾಲಿಗೆ ಕೈ ಹಾಕಿದರು.

ಸುತ್ತಿಗೆಯಲ್ಲಿ ತಟ್ಟಿದಾಗ ತಳದಲ್ಲಿ ಎರಡು ಕಡೆ ದಬ್ ಅಂತು, ಒಂದರಲ್ಲಿ ಮೊಳೆ ಸೀದಾ ಒಳಗೆ ಹೋಯಿತು. ಬುಧವಾರ ಪ್ಲೇಟ್ ಹಾಕಿಸಲು ಒಯ್ಯುತ್ತಿದ್ದೇನೆ. ಲೇತ್ ಅಣ್ಣ, ಪ್ಲೇಟ್ ಒಳಗಿಂದ ಹಾಕಿಸಲಾ ಹೊರಗಿಂದಲಾ?

ಲೇತ್_ಸದ್ದು, ಹರಿಹರ

ಹೊರಗಿಂದ. ಒಳಗೆ ಹಾಕಿದರೆ ಅಂಚಿನಲ್ಲಿ ಮತ್ತೆ ಬೂದಿ ಕೂರುತ್ತದೆ. ತುಕ್ಕು ಹಿಡಿದ ಭಾಗ ಕತ್ತರಿಸಿ ತೆಗೆದೇ ವೆಲ್ಡ್ ಮಾಡಲಿ, ಅದರ ಮೇಲೇ ಹಾಕುತ್ತೇನೆ ಅಂದರೆ ಒಪ್ಪಬೇಡಿ. ಮನೆಗೆ ತಂದ ಮೇಲೆ ಆ ಜಾಗಕ್ಕೆ ಮಾತ್ರ ಇನ್ನೊಂದು ಸಲ ಎಣ್ಣೆ ಸವರಿ ಸುಡಿ.